ಓದುಗರ ಪ್ರಶ್ನೆ: ಹುಳಿ ಹೊಡೆಯೋ ಕಾಫಿ ಕೆಟ್ಟದ್ದೇನ್ರಿ?

ಪ್ರಶ್ನೆ: ಬಾಬಾಬುಡನ್‌ಗಿರಿ ಕಡೆಯ ಸಣ್ಣ ಬೆಳೆಗಾರರೊಬ್ಬರ ‘ನ್ಯಾಚುರಲ್’ ಕಾಫಿ ತರಿಸಿದ್ದೆ. ಸ್ಟೀಲ್ ಫಿಲ್ಟರಿನ್ಯಾಗ ಇಳಿಸಿ ಹಾಲು ಬೆರಸಿದ್ರ ಹುಳಿ ಅನಸ್ತದ. ಪುಡಿ ಕೆಟ್ಟದೇನ್ರಿ?
(ಓದುಗರೊಬ್ಬರು, ಧಾರವಾಡ)

ಉತ್ತರ: ಕೆಟ್ಟಿರಲಿಕ್ಕಿಲ್ಲ. ಮೊದಲು ಪುಡಿ ಮೂಸಿ ನೋಡಿ. ನೇರಳೆ, ಒಣದ್ರಾಕ್ಷಿ, ಮಾಗಿದ ಹಲಸಿನ ಪರಿಮಳ ಬಂದರೆ ಅದು ಈ ಕಾಫಿಯ ಗುಣವೇ. ತಿರುಳು ತೆಗೆಯದೆ ಇಡೀ ಹಣ್ಣನ್ನು ಒಣಗಿಸುವುದರಿಂದ ಬಂದದ್ದು. ವಿನೆಗರ್, ಕೊಳೆತ ಉಳ್ಳಾಗಡ್ಡಿ ಅಥವಾ ಬೂಷ್ಟಿನ ವಾಸನೆ ಇದ್ದರೆ ಮಾತ್ರ ತಪ್ಪು ತೋಟದಲ್ಲಿ ಕೊಯ್ದು ಒಣಗಿಸುವಾಗಲೇ ಆಗಿದೆ.

ಎತ್ತರದ ತೋಟದ ತಂಪಿಗೆ ಹಣ್ಣು ನಿಧಾನವಾಗಿ ಮಾಗಿ ಬೀಜ ಗಟ್ಟಿಯಾಗುತ್ತದೆ. ಇಂಥದ್ದನ್ನು ಹದವಾಗಿ, ಕಪ್ಪಾಗದಂತೆ ಹುರಿಯುತ್ತಾರೆ. ಅದು ಬೇಗ ರಸ ಬಿಡುವುದಿಲ್ಲ. ನೀರಿಗೆ ಮೊದಲು ಇಳಿಯುವುದು ಹುಳಿ, ಆಮೇಲೆ ಸಿಹಿ, ಕೊನೆಗೆ ಕಹಿ. ನಿಮ್ಮದು ಹುಳಿಯಲ್ಲೇ ನಿಂತಿದೆ. ಹಾಲಿಗೆ ಆ ಹುಳಿ ಹೊಂದುವುದಿಲ್ಲ.

ಕಾಗದದ ಸೋಸುಕ (ಪೇಪರ್ ಫಿಲ್ಟರ್) ತಂದು ಹಾಲಿಲ್ಲದೆ ಮಾಡಿ: 15 ಗ್ರಾಂ ಪುಡಿ, 240 ಮಿಲಿ ನೀರು. ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 97–98 ಡಿಗ್ರಿಗೆ. ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟರೆ ಸಾಕು. ಮೊದಲು 40 ಮಿಲಿ ಸುರಿದು ಪುಡಿ ಉಬ್ಬಲು 40 ಸೆಕೆಂಡು ಬಿಡಿ, ಉಳಿದದ್ದನ್ನು ಸುತ್ತಲೂ ನಿಧಾನ ಸುರಿಯಿರಿ. ಒಟ್ಟು 3 ನಿಮಿಷ. ಇನ್ನೂ ಹುಳಿಯಾದರೆ ಪುಡಿ ಸಣ್ಣದಾಗಲಿ, ಕಹಿಯಾದರೆ ತರಿಯಾಗಲಿ. ಗಡಸು ಬೋರ್‌ವೆಲ್ ನೀರು ಹಣ್ಣಿನ ಸ್ವಾದವನ್ನೇ ಮಂಕು ಮಾಡುತ್ತದೆ, ಬೇಡ. ಚಿಕೋರಿ ಬೀಸುವ ಗಿರಣಿಯಲ್ಲೂ ಪುಡಿ ಮಾಡಿಸಬೇಡಿ. ಮೊದಲ ಗುಟುಕಿಗೆ ಸಕ್ಕರೆ ಹಾಕದೆ ಕುಡಿಯಿರಿ, ಇದು ನಮ್ಮ ಕಳಕಳಿಯ ವಿನಂತಿ.

ಪ್ರಶ್ನೆ: ಮುಳ್ಳಯ್ಯನಗಿರಿ ತಪ್ಪಲಿನ್ಯಾಗ ನಮ್ಮ ಬೀಗರದು ಮೂರೆಕರೆ ಅರೇಬಿಕಾ ಕಾಫಿ ಅದ. ಅವರೂ ಹಣ್ಣು ಹಂಗ ಒಣಗಿಸಿ ‘ಚೆರಿ’ ಅಂತ ಮಾರ್ತಾರ. ಅದೂ ನ್ಯಾಚುರಲ್ ಅಲ್ಲೇನ್ರಿ? ದರ ಯಾಕ ಸಿಗೂದಿಲ್ಲ?
(ಓದುಗರೊಬ್ಬರು, ಗದಗ)

ಉತ್ತರ: ವಿಧಾನ ಒಂದೇ, ಶ್ರಮ ಬೇರೆ. ಹಸಿರುಕಾಯಿ, ಅರೆಹಣ್ಣು, ಕಪ್ಪಾದದ್ದು ಎಲ್ಲ ಒಟ್ಟಿಗೆ ಕಿತ್ತು, ರಾತ್ರಿಯೆಲ್ಲ ಚೀಲದಲ್ಲಿಟ್ಟರೆ ರಾಶಿ ಬಿಸಿಯೇರಿ ಹುದುಗುತ್ತದೆ; ವಿನೆಗರ್ ವಾಸನೆ ಹುಟ್ಟುವುದು ಅಲ್ಲೇ. ಒಳ್ಳೆಯ ದರ ಸಿಗುವ ಮೇಲ್ದರ್ಜೆ, ಅಂದರೆ ‘ಸ್ಪೆಷಾಲ್ಟಿ’ ಎನಿಸಿಕೊಳ್ಳಲು ಸಾಮಾನ್ಯವಾಗಿ ರುಚಿ ಪರೀಕ್ಷೆಯಲ್ಲಿ 100ಕ್ಕೆ 80 ಅಂಕವಾದರೂ ಬೇಕು.

ಮುಂದಿನ ಕೊಯ್ಲಿಗೆ 60 ಕಿಲೋ ಹಣ್ಣಿನಿಂದಷ್ಟೇ ಆರಂಭಿಸಲಿ; ಸುಮಾರು 10 ಕಿಲೋ ಬೀಜ ಸಿಗುತ್ತದೆ. ಪೂರ್ತಿ ಕೆಂಪಾದದ್ದನ್ನೇ ಆರಿಸಿ, ಅದೇ ದಿನ ನೀರಿಗೆ ಹಾಕಿ ತೇಲಿದ್ದನ್ನು ತೆಗೆಯಬೇಕು. ನೆಲದ ಕಣ ಬೇಡ, ಸೊಂಟದೆತ್ತರದ ಜಾಲರಿ ಮಂಚ ಇರಲಿ. ಮೊದಲ ದಿನಗಳಲ್ಲಿ ಒಂದೇ ಹಣ್ಣಿನ ಪದರ, ಸುಕ್ಕುಗಟ್ಟಿದ ಮೇಲೆ 4 ಸೆಂಟಿಮೀಟರ್. ಹಗಲು ಗಂಟೆಗೊಮ್ಮೆ ಕೈಯಾಡಿಸಬೇಕು. ಸುಡುಬಿಸಿಲಿಗೆ ನೆರಳು, ಇಬ್ಬನಿಗೆ ಹೊದಿಕೆ ಎರಡೂ ಬೇಕು: ಅವಸರಕ್ಕೆ ಒಣಗಿಸಿದರೆ ಸಿಪ್ಪೆ ಗಡುಸಾಗಿ ಒಳಗೆ ತೇವ ಉಳಿದು, ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ. ಮೂರರಿಂದ ನಾಲ್ಕು ವಾರಕ್ಕೆ ಅಲುಗಿಸಿದರೆ ಗಿಲಗಿಲ ಎನ್ನುತ್ತದೆ. ಆದರೂ ಕಿವಿಯೊಂದನ್ನೇ ನಂಬದೆ ತೇವಮಾಪಕದಲ್ಲಿ 11% ಆಸುಪಾಸು ಬಂದ ಮೇಲೆ ನಿಲ್ಲಿಸಲಿ. ಸಿಪ್ಪೆ ಬಿಡಿಸುವುದು ಮಾರುವ ಮುಂಚೆ.

ಪ್ರಶ್ನೆ: ಹಾನಗಲ್ಲಿನ ನಮ್ಮ ಅಡಿಕೆ ತೋಟದ ನಡುವೆ ಇಂಥ ಅರೇಬಿಕಾ ಬೆಳೆಯಬಹುದೆ?
(ಓದುಗರೊಬ್ಬರು, ಹಾವೇರಿ ಜಿಲ್ಲೆ)

ಉತ್ತರ: ಬೇಡ. ಅರೇಬಿಕಾಕ್ಕೆ 1000–1500 ಮೀಟರ್ ಎತ್ತರ, 15–25 ಡಿಗ್ರಿ ತಂಪು ಬೇಕು. ನಿಮ್ಮ ಸೀಮೆ 600 ಮೀಟರ್ ಆಸುಪಾಸಿನದು. ಆಸೆಯಿದ್ದರೆ ಕಡಿಮೆ ಎತ್ತರದಲ್ಲೂ ಬೆಳೆಯುವ ರೋಬಸ್ಟಾ ಕಾಫಿಯ ಹತ್ತಿಪ್ಪತ್ತು ಗಿಡ ಹಚ್ಚಿ ನೋಡಿ. ಫೆಬ್ರುವರಿ–ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದಿದ್ದರೆ ತುಂತುರು ನೀರಾವರಿಯಿಂದ ಗಿಡ ಪೂರ್ತಿ ನೆನೆಸಲು ನೀರಿದೆಯೇ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.