ಕೋಪದಲ್ಲಿ ಮಾಡಿದ ಆಣೆ: ಅತ್ತೆಯನ್ನು ನೋಡಲು ಅಡ್ಡಿಯೇ?

ಪ್ರಶ್ನೆ: ನನ್ನ ಅಣ್ಣ ಹಣದ ವಿಷಯಕ್ಕೆ ಪತಿಯನ್ನು ಎಲ್ಲರೆದುರು ಹೀಯಾಳಿಸಿದ. ಆ ರಾತ್ರಿ ನಮ್ಮಿಬ್ಬರಿಗೂ ಜಗಳವಾಯಿತು. ‘ಅಲ್ಲಾಹನಾಣೆ, ನಿನ್ನ ತವರಿನ ಹೊಸ್ತಿಲು ಇನ್ನು ತುಳಿಯುವುದಿಲ್ಲ’ ಎಂದರು. ನಾನೂ ‘ಮಗನಾಣೆ, ನಿಮ್ಮೊಂದಿಗೆ ಮಾತನಾಡುವುದಿಲ್ಲ’ ಎಂದುಬಿಟ್ಟೆ. ಮರುದಿನವೇ ಮಾತನಾಡಿದೆ. ಅದೇ ವಾರ ಮಗನಿಗೆ ಜ್ವರ ಬಂತು. ಈಗ ತಾಯಿ ಹಾಸಿಗೆ ಹಿಡಿದಿದ್ದಾರೆ, ಅಳಿಯನನ್ನು ನೋಡಬೇಕು ಎನ್ನುತ್ತಿದ್ದಾರೆ. ಪತಿ ನನ್ನನ್ನು ತಡೆದಿಲ್ಲ, ತಾನು ಮಾತ್ರ ಆಣೆ ಮುರಿಯಲಾರೆ ಎನ್ನುತ್ತಾರೆ. ಅವರಿಲ್ಲದೆ ಹೋಗಲು ನನಗೂ ಹಿಂಜರಿಕೆ. ಕೋಪದ ಮಾತು ಲೆಕ್ಕಕ್ಕೆ ಬರುತ್ತದೆಯೇ? ನಮ್ಮ ನಿಕಾಹ್‌ಗೆ ಧಕ್ಕೆಯಾಗಿದೆಯೇ?

ಸಹೋದರಿ, ಮೊದಲು ಮಗನ ಮಾತು. ಅವನ ಜ್ವರಕ್ಕೂ ನಿಮ್ಮ ಆಣೆಗೂ ಯಾವ ಸಂಬಂಧವೂ ಇಲ್ಲ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ಕುರ್‌ಆನ್ ಹಲವೆಡೆ ಹೇಳುತ್ತದೆ. ನೀವು ಆಡಿದ ಮಾತಿಗೆ ಅಲ್ಲಾಹನು ಆ ಎಳೆಯ ಜೀವವನ್ನು ಹಿಡಿಯುವವನಲ್ಲ. ಆಣೆ ಮಾಡುವವನು ಅಲ್ಲಾಹನ ಹೆಸರಿನಲ್ಲಿ ಮಾಡಲಿ, ಇಲ್ಲವೇ ಸುಮ್ಮನಿರಲಿ ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಹಾಗಾಗಿ ಮಗನ ಮೇಲೆ ಇಟ್ಟದ್ದು ಆಣೆಯಾಗಿ ನಿಲ್ಲುವುದೇ ಇಲ್ಲ, ಅದಕ್ಕೆ ಕಫ್ಫಾರತ್ (ಆಣೆ ಮುರಿದುದಕ್ಕೆ ಪ್ರಾಯಶ್ಚಿತ್ತ) ಕೂಡ ಇಲ್ಲ. ಹಾಗೆ ನುಡಿದದ್ದು ಮಾತ್ರ ತಪ್ಪು. ತೌಬಾ ಮಾಡಿ (ಪಶ್ಚಾತ್ತಾಪಪಟ್ಟು ಅಲ್ಲಾಹನಲ್ಲಿ ಕ್ಷಮೆ ಕೇಳಿ), ಆ ಭಯವನ್ನು ಇಂದೇ ಬಿಟ್ಟುಬಿಡಿ.

ನಿಮ್ಮ ಪತಿಯ ಆಣೆ ಹಾಗಲ್ಲ, ಅದು ಲೆಕ್ಕಕ್ಕೆ ಬರುತ್ತದೆ. ಮಾತಿನ ಭರದಲ್ಲಿ ಉದ್ದೇಶವಿಲ್ಲದೆ ನಾಲಿಗೆಗೆ ಬರುವ ‘ವಲ್ಲಾಹಿ’ಗೆ (ಅಲ್ಲಾಹನಾಣೆ) ಹೊಣೆಯಿಲ್ಲ ನಿಜ. ಕೋಪ ತಲೆಗೇರಿ, ಏನು ಹೇಳುತ್ತಿದ್ದೇನೆ ಎಂಬ ಅರಿವೇ ಇಲ್ಲದವನ ಮಾತಿಗೂ ಇಲ್ಲ. ಆದರೆ ಅವರಿಗೆ ಅರಿವಿತ್ತು, ಇಂದಿಗೂ ಆ ಮಾತನ್ನೇ ಹಿಡಿದು ಕುಳಿತಿದ್ದಾರೆ.

ಹಾಗೆಂದು ಆ ಆಣೆಯನ್ನು ಪಾಲಿಸಲೇಬೇಕು ಎಂದುಕೊಂಡಿದ್ದಾರಲ್ಲ, ಎಡವಿದ್ದು ಅಲ್ಲಿ. ಒಳಿತು ಮಾಡುವುದಕ್ಕೆ, ಜನರ ನಡುವೆ ಸಂಧಾನ ಮಾಡುವುದಕ್ಕೆ ಅಲ್ಲಾಹನ ಹೆಸರನ್ನು ಅಡ್ಡ ತರಬೇಡಿ ಎನ್ನುತ್ತದೆ ಸೂರಃ ಅಲ್ ಬಕರದ 224ನೇ ವಚನ. ಆಣೆ ಮಾಡಿದ ಮೇಲೆ ಅದಕ್ಕಿಂತ ಉತ್ತಮವಾದುದು ಕಂಡರೆ ಆ ಉತ್ತಮವನ್ನೇ ಮಾಡಿ ಆಣೆಗೆ ಕಫ್ಫಾರತ್ ಕೊಡಿ ಎಂಬ ಪ್ರವಾದಿವಚನ ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ನಿಮ್ಮ ಪತಿ ಪ್ರವಾದಿಯವರ ಆಪ್ತ ಸಂಗಾತಿ ಅಬೂಬಕರ್ (ರ) ಅವರನ್ನು ನೆನಪಿಸಿಕೊಳ್ಳಲಿ. ತಾನೇ ಸಾಕುತ್ತಿದ್ದ ಬಡ ಬಂಧು ಮಿಸ್ತಹ್, ತಮ್ಮ ಮಗಳು ಆಯಿಶಾ (ರ) ಅವರ ಮೇಲೆ ಹೊರಿಸಿದ ಅಪವಾದದಲ್ಲಿ ಬಾಯಿ ಹಾಕಿದಾಗ, ಇನ್ನು ಅವನಿಗೆ ಏನನ್ನೂ ಕೊಡುವುದಿಲ್ಲ ಎಂದು ಆಣೆ ಮಾಡಿದ್ದರು. ಅಣ್ಣನ ಹೀಯಾಳಿಕೆಗಿಂತ ಎಷ್ಟೋ ಪಟ್ಟು ದೊಡ್ಡ ನೋವು ಅದು. ಅಲ್ಲಾಹನು ನಿಮ್ಮನ್ನು ಕ್ಷಮಿಸುವುದು ನಿಮಗೆ ಬೇಡವೇ ಎಂದು ಕೇಳುವ ವಚನ ಸೂರಃ ಅನ್ನೂರ್‌ನಲ್ಲಿ ಇಳಿದಾಗ, ಬೇಕು ಎಂದರು, ಮಿಸ್ತಹ್‌ಗೆ ಕೊಡುತ್ತಿದ್ದುದನ್ನು ಮತ್ತೆ ಆರಂಭಿಸಿದರು.

ಕಫ್ಫಾರತ್ ಏನೆಂಬುದು ಸೂರಃ ಅಲ್ ಮಾಇದದ 89ನೇ ವಚನದಲ್ಲಿದೆ: ಮನೆಯವರಿಗೆ ಉಣಿಸುವ ಸಾಧಾರಣ ಮಟ್ಟದ ಊಟವನ್ನು 10 ಬಡವರಿಗೆ ಕೊಡಬೇಕು, ಅಥವಾ ಅವರಿಗೆ ಬಟ್ಟೆ ಕೊಡಬೇಕು, ಅಥವಾ ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕು. ಇದಕ್ಕೆ ಶಕ್ತಿಯಿಲ್ಲದವನಿಗಷ್ಟೇ 3 ದಿನಗಳ ಉಪವಾಸ. ಎಷ್ಟೋ ಜನ ಕೈಯಲ್ಲಿ ಹಣವಿದ್ದೂ ನೇರವಾಗಿ ಉಪವಾಸಕ್ಕೆ ಇಳಿಯುತ್ತಾರೆ. ಅದರಿಂದ ಕಫ್ಫಾರತ್ ತೀರುವುದಿಲ್ಲ. ಎಷ್ಟು ಕೊಡಬೇಕೆಂಬುದು ಮದ್‌ಹಬ್‌ಗೆ (ಧರ್ಮಶಾಸ್ತ್ರದ ಪಂಥಕ್ಕೆ) ತಕ್ಕಂತೆ: ಹನಫಿಗಳಲ್ಲಿ ಪ್ರತಿಯೊಬ್ಬರಿಗೆ ಎರಡು ಹೊತ್ತಿನ ಊಟ, ಶಾಫಿಈಗಳಲ್ಲಿ ತಲಾ ಒಂದು ಮುದ್ದ್ (ಸುಮಾರು ಒಂದು ಬೊಗಸೆ) ಧಾನ್ಯ. ಆಣೆ ಮುರಿಯುವ ಮೊದಲೇ ಕೊಟ್ಟರೆ ಹನಫಿಗಳು ಒಪ್ಪುವುದಿಲ್ಲ. ಆದ್ದರಿಂದ ನಿಮ್ಮ ಪತಿ ಮೊದಲು ಹೋಗಿ ಅತ್ತೆಯನ್ನು ನೋಡಿ ಬರಲಿ, ಆಮೇಲೆ ಕೊಡಲಿ; ಎರಡೂ ಮದ್‌ಹಬ್‌ಗಳಲ್ಲಿ ಸಲ್ಲುತ್ತದೆ.

ನೀವು ಬರೆದಿರುವ ಮಾತುಗಳಿಂದ ನಿಕಾಹ್‌ಗೆ ಏನೂ ಆಗಿಲ್ಲ. ಆದರೆ ಬರೆಯಲು ಅಳುಕಿ ಬಿಟ್ಟ ಮಾತೇನಾದರೂ ಇದ್ದರೆ ಉತ್ತರವೇ ಬದಲಾಗುತ್ತದೆ. ‘ನೀನು ತವರಿಗೆ ಹೋದರೆ ತಲಾಕ್’ ಎಂದಿದ್ದರೆ, ನಾಲ್ಕೂ ಸುನ್ನಿ ಮದ್‌ಹಬ್‌ಗಳ ಪ್ರಬಲ ಅಭಿಪ್ರಾಯದಂತೆ ಷರತ್ತು ನೆರವೇರಿದಾಗ ತಲಾಕ್ ಬೀಳುತ್ತದೆ. ಬೆದರಿಸುವುದಷ್ಟೇ ಉದ್ದೇಶವಾಗಿದ್ದರೆ ಕಫ್ಫಾರತ್ ಸಾಕು ಎಂದವರು ಮಧ್ಯಯುಗದ ವಿದ್ವಾಂಸ ಇಬ್ನ್ ತೈಮಿಯ್ಯಾ. ಪತ್ನಿಯನ್ನು ತಾಯಿಗೆ ಹೋಲಿಸಿ ನಿಷಿದ್ಧ ಮಾಡಿಕೊಳ್ಳುವ ಝಿಹಾರ್‌ಗೆ ಕಫ್ಫಾರತ್ ಬಹಳ ಕಠಿಣ. ಹಾಸಿಗೆಯಿಂದ ದೂರವಿರುತ್ತೇನೆ ಎಂಬ ಆಣೆಗೆ 4 ತಿಂಗಳ ಗಡುವಿದೆ. ಇಂಥದ್ದು ಯಾವುದಾದರೂ ಬಾಯಿಂದ ಬಂದಿದ್ದರೆ, ಆಡಿದ ಮಾತನ್ನು ಒಂದಕ್ಷರ ಬದಲಿಸದೆ ಬರೆದುಕೊಂಡು ಇಬ್ಬರೂ ಒಬ್ಬ ನಂಬಿಕಸ್ಥ ವಿದ್ವಾಂಸರ ಬಳಿ ಹೋಗಿ. ಅವರು ಹೇಳುವವರೆಗೆ ನೀವು ಯಾವ ಹೆಜ್ಜೆಯನ್ನೂ ಇಡಬೇಡಿ.

ಅಂಥದ್ದೇನೂ ಇಲ್ಲವಾದರೆ ಮೊದಲು ಅಣ್ಣನಿಗೆ ಫೋನ್ ಮಾಡಿ. ನಿಮ್ಮ ಪತಿಯನ್ನು ಕಟ್ಟಿಹಾಕಿರುವುದು ಆಣೆಗಿಂತ ಹೆಚ್ಚಾಗಿ ಆ ದಿನದ ಅವಮಾನ ಎಂದು ನನಗೆ ಅನ್ನಿಸುತ್ತದೆ. ಫತ್ವಾ ಅದನ್ನು ತೀರಿಸುವುದಿಲ್ಲ. ಎಲ್ಲರೆದುರು ಹೀಯಾಳಿಸಿದವನು ತಾನಾಗಿ ಬಂದು ಕ್ಷಮೆ ಕೇಳಲಿ, ಭಾವನನ್ನು ತಾನೇ ಕರೆಯಲಿ. ಪತಿಗೆ ಈ ವಚನಗಳನ್ನು ಓದಿ ಹೇಳಿ, ವಾದಕ್ಕೆ ನಿಲ್ಲಬೇಡಿ. ನೀವಂತೂ ಅವರಿಗಾಗಿ ಕಾಯುತ್ತಾ ಕೂರಬೇಡಿ. ಆ ಆಣೆ ನಿಮ್ಮನ್ನು ಕಟ್ಟುವುದಿಲ್ಲ. ನಾಳೆಯೇ ಮಗನನ್ನು ಕರೆದುಕೊಂಡು ತಾಯಿಯ ಬಳಿ ಹೋಗಿ.