ಕೋಲಾಟಕ್ಕೆ ಪೆನ್‌ಡ್ರೈವ್ ನಂಬಬೇಡಿ ಮೇಡಂ

ಮೇಡಂ, ಪ್ರತಿಭಾ ಕಾರಂಜಿ ಕೋಲಾಟಕ್ಕೆ ದಾವಣಗೆರೆಯಿಂದ ಬಾಡಿಗೆ ಡ್ರೆಸ್ಸು, ಡ್ಯಾನ್ಸ್ ಮಾಸ್ಟರ್, ಯೂಟ್ಯೂಬಿನಿಂದ ಪೆನ್‌ಡ್ರೈವಿಗೆ ಇಳಿಸಿದ ಹಾಡು, 10 ದಿನ ಪ್ರಾಕ್ಟೀಸ್ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಜಗಳೂರು ಕಡೆಯ ಶಾಲೆಯಲ್ಲಿದ್ದಾಗ ನಾನೂ ಇದನ್ನೇ ಮಾಡಿ ಮಕ್ಕಳನ್ನು ಅಳಿಸಿದ್ದೇನೆ.

ಅವತ್ತು ತಾಲ್ಲೂಕು ಮಟ್ಟ. 12 ಹುಡುಗಿಯರು, ಮಿಂಚುವ ಲಂಗ. ಬಾಡಿಗೆ ದುಡ್ಡಿಗೆ ಊರವರ ಮುಂದೆ ಕೈಯೊಡ್ಡಿದ್ದೆ. ಎರಡನೇ ನುಡಿಗೆ ಕರೆಂಟ್ ಹೋಯಿತು. ಹಾಡು ನಿಂತಿತು, ಕೋಲೂ ನಿಂತವು. ಮುಂದಿನ ಸಾಲು ಒಬ್ಬಳಿಗೂ ಬರುತ್ತಿರಲಿಲ್ಲ. ನಾನು ಹೇಳಿಕೊಟ್ಟಿದ್ದರೆ ತಾನೇ? ಆಮೇಲೆ ಬಂದದ್ದು ಒಂದು ಸಣ್ಣ ಹಳ್ಳಿ ಶಾಲೆ. ಮನೆಯ ಹಳೇ ಸೀರೆ ಉಟ್ಟಿದ್ದರು. ಕರೆಂಟಿಗೆ ಕಾಯಲೇ ಇಲ್ಲ, ತಾವೇ ಹಾಡುತ್ತಾ ಆಡಿದರು. ಮೊದಲ ಬಹುಮಾನ ಅವರಿಗೇ. ದೊಡ್ಡ ಶಾಲೆಗೇ ಪ್ರೈಜ್ ಅನ್ನೋದನ್ನು ನಾನು ಅವತ್ತಿನಿಂದ ಬಿಟ್ಟೆ.

ಮರುವರ್ಷ ಮಾಸ್ಟರನ್ನು ಕರೆಸಲಿಲ್ಲ. ಊರಿನಲ್ಲಿ ಸೋಬಾನೆ ಹೇಳುವ ಅಜ್ಜಿಯೊಬ್ಬರನ್ನು ಶಾಲೆಗೆ ಕರೆದೆ. ಮೊದಲ ಎರಡು ವಾರ ಮಕ್ಕಳ ಕೈಗೆ ಕೋಲೇ ಕೊಡಲಿಲ್ಲ. ಬರೀ ಹಾಡು, ಚಪ್ಪಾಳೆ. ಆಮೇಲೆ ಹೆಜ್ಜೆ. ಕೊನೆಗೆ ಕೋಲು. ಅರ್ಧ ತಂಡ ಸಾಲು ಹೇಳಬೇಕು, ಇನ್ನರ್ಧ ಸೊಲ್ಲು, ಅಂದರೆ ಪಲ್ಲವಿ, ಎತ್ತಬೇಕು. ಹಾಗಾದರೆ ಕುಣಿಯುವಾಗ ಉಸಿರು ಕಟ್ಟುವುದಿಲ್ಲ. ಇದಕ್ಕೆ ಒಂದೂವರೆ ತಿಂಗಳಾದರೂ ಬೇಕು. 10 ದಿನದಲ್ಲಿ ಆಗುವುದಿಲ್ಲ, ಸುಮ್ನೆ ಮಕ್ಕಳನ್ನು ಬೈಯುತ್ತೀರಿ ಅಷ್ಟೇ. ಈ ಸಲ ಟೈಮಿಲ್ಲ ಅಂದರೆ ಮೂರೇ ನುಡಿ ಇಟ್ಟುಕೊಳ್ಳಿ, ಆದರೆ ಮಕ್ಕಳೇ ಹಾಡಲಿ.

ನಿಮ್ಮದು ಚಳ್ಳಕೆರೆ ಸೀಮೆ. ಓದು ಬರಹ ಬಾರದ ಸಿರಿಯಜ್ಜಿ ಸಾವಿರಾರು ಜನಪದ ಹಾಡು ಬಾಯಲ್ಲಿಟ್ಟುಕೊಂಡು ಬಾಳಿದ ತಾಲ್ಲೂಕು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಅಂಥ ಜಾಗದಲ್ಲಿ ಕೂತು ಜನಪದ ಹಾಡನ್ನು ಯೂಟ್ಯೂಬಿನಲ್ಲಿ ಹುಡುಕುತ್ತೀರಲ್ಲ, ನನಗೆ ನಿಜವಾಗಿ ಬೇಜಾರಾಯಿತು. ಪಕ್ಕದ ಹಟ್ಟಿಗೆ ಒಂದು ಸಂಜೆ ಹೋಗಿ ಬನ್ನಿ. ಸಿನಿಮಾ ಧಾಟಿಗೆ ಲಂಬಾಣಿ ಡ್ರೆಸ್ ಹಾಕಿಸಿದರೆ ಅದು ಜನಪದ ಆಗುವುದಿಲ್ಲ. ಜನಪದ ಬಲ್ಲವರು ತೀರ್ಪಿಗೆ ಕೂತಿದ್ದರೆ ಮೊದಲ ನುಡಿಗೇ ಗೊತ್ತಾಗುತ್ತದೆ.

ಕೋಲಾಟದಲ್ಲಿ ಜೋಡಿ ಲೆಕ್ಕ. ಒಬ್ಬಳಿಗೆ ಜ್ವರ ಬಂದರೆ ಇಬ್ಬರು ಕೂರಬೇಕು. ಅದಕ್ಕೆ ಒಂದು ಜೋಡಿ ಜಾಸ್ತಿ ತಯಾರಿಡಿ. ದಿನಾ ಜೋಡಿ ಬದಲಿಸಿ ಆಡಿಸಿ. ಬಿದಿರಿನ ಕೋಲು ಸೀಳಿ ಕೈಗೆ ಚುಚ್ಚುತ್ತದೆ, ಬಡಗಿಯ ಹತ್ತಿರ ಗಟ್ಟಿ ಮರದ್ದು ಮಾಡಿಸಿ.

ಮೇಕಪ್ಪಿಗೆ ಕ್ರಯೋಲಾನ್ ಕಂಪನಿಯ ಬಣ್ಣ ಕೇಳಿದ್ದೀರಿ. ಒಳ್ಳೆಯದೇ, ಆದರೆ ಕ್ಲಸ್ಟರ್ ಮಟ್ಟದಲ್ಲಿ ಹಗಲು ಬೆಳಕಿಗೆ ಅಷ್ಟು ಬೇಡ. ಕಾಡಿಗೆ, ಕುಂಕುಮ, ಹೂವು ಸಾಕು. ಹಾಕಿದರೂ ಮೊದಲು ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ತೆಗೆಯುವಾಗಲೂ ಅದೇ ಎಣ್ಣೆ. ಮೈಕ್ ಅಹುಜಾ ಕಂಪನಿಯದಿದ್ದರೆ ಸಾಕು. ಒಂದನ್ನು ಹಾಡುವವರ ಕಡೆ ಇಡಿಸಿ, ಇಲ್ಲದಿದ್ದರೆ ಕೋಲಿನ ಸದ್ದೇ ಕೇಳುತ್ತದೆ.

ಇನ್ನೊಂದು. "ಚೆನ್ನಾಗಿ ಓದುವ, ನೋಡಲು ಲಕ್ಷಣವಾಗಿರುವ ಮಕ್ಕಳನ್ನು ಆರಿಸಿದ್ದೇವೆ" ಅಂದಿರಿ. ಇದು ತಪ್ಪು ಮೇಡಂ. ನನ್ನ ತಂಡದಲ್ಲಿ ತಾಳ ಹಿಡಿದವಳಿಗೆ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಅವಳು ತಪ್ಪಿದ್ದು ನನಗೆ ನೆನಪಿಲ್ಲ.

ಕಲೋತ್ಸವಕ್ಕೂ ಇದೇ ತಂಡ ಕಳಿಸುತ್ತೇವೆ ಅಂದಿದ್ದೀರಿ. ಕೇಂದ್ರ 2015ರಲ್ಲಿ ಶುರು ಮಾಡಿದ ಆ ಸ್ಪರ್ಧೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರಿಗೆ. ನಿಮ್ಮ ಏಳನೇ ಕ್ಲಾಸಿನವರಿಗೆ ಆಗುವುದಿಲ್ಲ. ಪ್ರತಿಭಾ ಕಾರಂಜಿಗೂ ಹೋದ ವರ್ಷದ ನಿಯಮ ನಂಬಬೇಡಿ. ಈ ವರ್ಷದ ಸುತ್ತೋಲೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ಇಸಿದುಕೊಂಡು ಎಷ್ಟು ಮಕ್ಕಳು, ಎಷ್ಟು ನಿಮಿಷ ಅಂತ ಮೊದಲು ನೋಡಿ.

ಸ್ಪರ್ಧೆ ದಿನ ಆಡುವ ಮುಂಚೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಡಿ, ಗಂಟಲು ಹಿಡಿಯುತ್ತದೆ. ಬಿಸಿನೀರು, ಬಾಳೆಹಣ್ಣು ಕೊಡಿ. ಮಂಡಕ್ಕಿ ಬಸ್ಸು ಹತ್ತುವ ಮುಂಚೆ ಕೊಡಿಸಿ.