ಕಾರ್ಡ್ ಮಷಿನ್ ಯಾರದ್ದು ತಗೊಳ್ಳೋದು? ದರ ಕೇಳುವ ಮೊದಲು ನಿಮ್ಮ ಬಿಲ್ಲುಗಳನ್ನು ಎಣಿಸಿ

ಪ್ರಶ್ನೆ: ನಮ್ಮದು ನೋಟ್‌ಬುಕ್, ಪೆನ್ನು, ಕಾಗದ ಮಾರುವ ಚಿಕ್ಕ ಅಂಗಡಿ. ಇಷ್ಟು ದಿನ ಕಾರ್ಡ್ ತಗೊಳ್ಳುತ್ತಿರಲಿಲ್ಲ. ಈಗ ದಿನಾ ಯಾರಾದರೂ ಕೇಳುತ್ತಾರೆ. ಮೂರು ಕಂಪನಿಯವರು ಬಂದು ದರ ಹೇಳಿ ಹೋಗಿದ್ದಾರೆ. ಮೊದಲನೆಯವರದ್ದು 2.5 ಪರ್ಸೆಂಟ್, ಬೇರೆ ಏನೂ ಇಲ್ಲ. ಎರಡನೆಯವರದ್ದು 1.5 ಪರ್ಸೆಂಟ್, ಜೊತೆಗೆ ಪ್ರತಿ ಬಿಲ್ಲಿಗೆ 5. ಮೂರನೆಯವರು ‘1.2 ಪರ್ಸೆಂಟಿನಿಂದ ಶುರು’ ಅನ್ನುತ್ತಾರೆ. ಮಷಿನ್ ಬಾಡಿಗೆ ತಿಂಗಳಿಗೆ 600, ಅಗ್ರಿಮೆಂಟ್ ಮೂರು ವರ್ಷ. ಕಾರ್ಡಿನಲ್ಲಿ ತಿಂಗಳಿಗೆ 400 ಬಿಲ್ಲು, ಒಟ್ಟು 1 ಲಕ್ಷ ವ್ಯಾಪಾರ ಆಗಬಹುದು ಅಂತ ಅಂದಾಜು. ಮೂರನೆಯದೇ ಕಡಿಮೆ ಅಲ್ವಾ?

ಉತ್ತರ: ಅಂದಾಜು ಬಿಲ್ಲುಗಳ ಸಂಖ್ಯೆಯನ್ನೂ ಬರೆದು ಕಳಿಸಿದ್ದೀರಲ್ಲ, ತುಂಬಾ ಒಳ್ಳೆಯದಾಯಿತು. ಹೆಚ್ಚಿನವರು ಬರೀ ಪರ್ಸೆಂಟ್ ಬರೆಯುತ್ತಾರೆ. ಬರೀ ಪರ್ಸೆಂಟ್ ನೋಡಿ ಯಾವುದು ಕಡಿಮೆ ಅಂತ ಹೇಳೋಕೆ ಆಗುವುದೇ ಇಲ್ಲ.

ಲೆಕ್ಕ ಹಾಕೋಣ. ಮೊದಲನೆಯವರಿಗೆ ತಿಂಗಳಿಗೆ 2,500 ಹೋಗುತ್ತದೆ. ಎರಡನೆಯವರಿಗೆ ಪರ್ಸೆಂಟಿನಲ್ಲಿ 1,500, ಮೇಲೆ 400 ಬಿಲ್ಲಿಗೆ ಐದೈದರಂತೆ 2,000. ಒಟ್ಟು 3,500. ಕೇಳುವಾಗ ಅಗ್ಗವಾಗಿ ಕಂಡದ್ದು ನಿಮಗೆ ಎಲ್ಲಕ್ಕಿಂತ ದುಬಾರಿ! ಕಾರಣ ಇಷ್ಟೇ, ನಿಮ್ಮ ಸರಾಸರಿ ಬಿಲ್ಲು ಬರೀ 250. ಪೆನ್ನು ಮಾರುವವರಿಗೆ ಬಿಲ್ಲಿಗೆ ಐದು ಅನ್ನುವುದು ದೊಡ್ಡ ಹೊಡೆತ. ಅದೇ 1 ಲಕ್ಷದ ವ್ಯಾಪಾರ 40 ಬಿಲ್ಲಿನಲ್ಲಿ ಆಗುವ ಅಂಗಡಿಯಾಗಿದ್ದರೆ ಎರಡನೆಯವರಿಗೆ ಹೋಗುವುದು 1,700 ಮಾತ್ರ. ಅವರಿಗೆ ನಾನು ಕಣ್ಣುಮುಚ್ಚಿ ಎರಡನೆಯದನ್ನೇ ಹೇಳುತ್ತಿದ್ದೆ.

ಈಗ ಮೂರನೆಯದು. 1.2 ಪರ್ಸೆಂಟ್ ಅಂದರೆ 1,200, ಬಾಡಿಗೆ 600, ಒಟ್ಟು 1,800. ನಿಮ್ಮ ಲೆಕ್ಕ ಇದೇ ಇರಬೇಕು. ಆದರೆ ‘ಶುರು’ ಅನ್ನುವ ಆ ಒಂದು ಪದವನ್ನು ಹಿಡಿದುಕೊಳ್ಳಿ. ಇಂಥ ದರದಲ್ಲಿ ಸಾಧಾರಣ ಡೆಬಿಟ್ ಕಾರ್ಡಿಗೆ ಒಂದು ರೇಟು, ರಿವಾರ್ಡ್ ಪಾಯಿಂಟ್ ಕೊಡುವ ಕ್ರೆಡಿಟ್ ಕಾರ್ಡಿಗೆ, ಕಂಪನಿ ಕಾರ್ಡಿಗೆ, ಬೇರೆ ದೇಶದ ಕಾರ್ಡಿಗೆ ಜಾಸ್ತಿ ರೇಟು. ನಿಮ್ಮ ವ್ಯಾಪಾರದಲ್ಲಿ ಅರ್ಧ ಇಂಥ ಕಾರ್ಡುಗಳಿಂದ ಬಂದು, ಅದಕ್ಕೆ 2.8 ಪರ್ಸೆಂಟ್ ಹಾಕಿದರು ಅಂತ ಇಟ್ಟುಕೊಳ್ಳಿ. 600 ಮತ್ತು 1,400 ಸೇರಿ 2,000, ಬಾಡಿಗೆ ಸೇರಿದರೆ 2,600. ಮೊದಲನೆಯದಕ್ಕಿಂತ 100 ಜಾಸ್ತಿ ಕೊಟ್ಟು ಮೂರು ವರ್ಷ ಕಟ್ಟಿಹಾಕಿಕೊಂಡ ಹಾಗಾಯಿತು.

ಈ ಏರುಪೇರು ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಚೌಕಾಸಿ ಮಾಡೋದು ಸುಲಭ. ನೀವು ಕೊಡುವ ಶುಲ್ಕ ಮೂರು ಜನರಿಗೆ ಹಂಚಿಹೋಗುತ್ತದೆ. ದೊಡ್ಡ ಪಾಲು ಸಾಮಾನ್ಯವಾಗಿ ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಇದಕ್ಕೆ ಇಂಟರ್‌ಚೇಂಜ್ ಅನ್ನುತ್ತಾರೆ. ಸ್ವಲ್ಪ ಭಾಗ ವೀಸಾ, ಮಾಸ್ಟರ್‌ಕಾರ್ಡ್‌ನಂಥ ನೆಟ್‌ವರ್ಕಿಗೆ. ಉಳಿದದ್ದು ನಿಮ್ಮ ಹತ್ತಿರ ಬಂದು ಕೂತ ಕಂಪನಿಯ ಪಾಲು. ಇಂಟರ್‌ಚೇಂಜ್ ಅವರ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಅದನ್ನು ನೆಟ್‌ವರ್ಕುಗಳು ನಿಗದಿ ಮಾಡುತ್ತವೆ, ಕೆಲವು ಕಡೆ ಕಾನೂನು ಮಿತಿ ಹಾಕುತ್ತದೆ. ಯುರೋಪಿಯನ್ ಒಕ್ಕೂಟ 2015ರಲ್ಲಿ ಸಾಮಾನ್ಯ ಗ್ರಾಹಕರ ಡೆಬಿಟ್ ಕಾರ್ಡಿಗೆ 0.2, ಕ್ರೆಡಿಟ್ ಕಾರ್ಡಿಗೆ 0.3 ಪರ್ಸೆಂಟ್ ಅಂತ ಮಿತಿ ಹಾಕಿತು. ಹಾಗಾಗಿ ‘ನಾವು ಇಂಟರ್‌ಚೇಂಜ್ ಕಡಿಮೆ ಮಾಡಿಸಿಕೊಡ್ತೀವಿ’ ಅಂತ ಸೇಲ್ಸ್‌ನವರು ಹೇಳಿದರೆ ನಂಬಬೇಡಿ. ‘ನಿಮ್ಮ ಪಾಲು ಎಷ್ಟು, ಅದನ್ನು ಬೇರೆ ಮಾಡಿ ಬರೆದುಕೊಡಿ’ ಅಂತ ಕೇಳಿ. ಬರೆದುಕೊಡುವವರ ಜೊತೆ ಮಾತು ಮುಂದುವರಿಸಬಹುದು.

ಇಂಟರ್‌ಚೇಂಜ್ ಎಷ್ಟಿದೆಯೋ ಅಷ್ಟು, ಮೇಲೆ ನಮ್ಮದು ಇಷ್ಟು ಅಂತ ಹೇಳುವ ಕಂಪನಿಗಳೂ ಇವೆ. ವ್ಯಾಪಾರ ದೊಡ್ಡದಾದ ಮೇಲೆ ಸಾಮಾನ್ಯವಾಗಿ ಅದೇ ಲಾಭ. ನಿಮ್ಮಷ್ಟು ವ್ಯಾಪಾರಕ್ಕೆ, ಅದೂ ಮೊದಲ ವರ್ಷ, ಎಲ್ಲದಕ್ಕೂ ಒಂದೇ ದರ ಇರುವ ಮೊದಲನೆಯದನ್ನೇ ತಗೊಳ್ಳಿ ಅನ್ನುತ್ತೇನೆ. ಆರು ತಿಂಗಳಾದ ಮೇಲೆ ನಿಮ್ಮ ಗಿರಾಕಿಗಳು ಎಂಥ ಕಾರ್ಡ್ ತರುತ್ತಾರೆ ಅಂತ ನಿಮಗೇ ಗೊತ್ತಿರುತ್ತದೆ. ಆಗ ಚೌಕಾಸಿಗೆ ಕೂತುಕೊಳ್ಳಿ.

ಇನ್ನು ಆ ಮೂರು ವರ್ಷದ ಅಗ್ರಿಮೆಂಟ್. ಮಷಿನ್ ಬಾಡಿಗೆ ತಿಂಗಳಿಗೆ 600 ಅಂದರೆ ಮೂರು ವರ್ಷಕ್ಕೆ 21,600. ಅದೇ ಮಷಿನ್ನನ್ನು ಪೂರ್ತಿ ಕೊಂಡರೆ ಎಷ್ಟಾಗುತ್ತದೆ ಅಂತ ಒಮ್ಮೆ ಕೇಳಿ ನೋಡಿ. ಬಾಡಿಗೆಯ ಕರಾರು ಕೆಲವೊಮ್ಮೆ ಬೇರೆಯದೇ ಕಂಪನಿಯ ಹೆಸರಿನಲ್ಲಿರುತ್ತದೆ. ಕಾರ್ಡ್ ಸೇವೆ ಬಿಟ್ಟರೂ ಬಾಡಿಗೆ ಕಟ್ಟುತ್ತಲೇ ಇರಬೇಕಾಗುತ್ತದೆ. ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು, ತಾನಾಗಿಯೇ ಮುಂದುವರಿಯುವ ಷರತ್ತು ಇದೆಯಾ, ಈ ಎರಡು ಸಾಲುಗಳನ್ನು ಸಹಿ ಹಾಕುವ ಮೊದಲು ಬೆರಳಿಟ್ಟು ಓದಿ.

ನನ್ನ ಗೆಳತಿಯೊಬ್ಬಳು ಒಮ್ಮೆ ತನ್ನ ಒಂದು ವರ್ಷದ ಸ್ಟೇಟ್‌ಮೆಂಟುಗಳನ್ನು ತಂದು ನನ್ನ ಮೇಜಿನ ಮೇಲೆ ಹರಡಿದ್ದಳು. ಪರ್ಸೆಂಟ್ ಸರಿಯಾಗಿಯೇ ಇತ್ತು. ಕೊನೆಯ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ‘ಪಿಸಿಐ ನಾನ್ ಕಂಪ್ಲಯನ್ಸ್’ ಅಂತ ಒಂದು ಸಾಲು, ತಿಂಗಳು ತಿಂಗಳೂ ಅಷ್ಟೇ ಮೊತ್ತ. ಕಾರ್ಡ್ ಸುರಕ್ಷತೆಯ ಬಗ್ಗೆ ವರ್ಷಕ್ಕೊಮ್ಮೆ ತುಂಬಬೇಕಾದ ಪ್ರಶ್ನಾವಳಿಯನ್ನು ಅವಳು ತುಂಬಿರಲಿಲ್ಲ, ಅದಕ್ಕೆ ದಂಡ. ಆ ಕಂಪನಿಯವರು ಒಂದು ಸಲವೂ ಫೋನ್ ಮಾಡಿ ನೆನಪಿಸಿರಲಿಲ್ಲ. ಸುಮ್ನೆ ಕತ್ತರಿಸಿಕೊಳ್ಳುತ್ತಾ ಹೋಗಿದ್ದರು. ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿದಿತ್ತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ ಲೆಕ್ಕ. ತಿಂಗಳಲ್ಲಿ ಅವರು ಕತ್ತರಿಸಿದ್ದನ್ನೆಲ್ಲ ಕೂಡಿಸಿ, ಕಾರ್ಡ್ ವ್ಯಾಪಾರದಿಂದ ಭಾಗಿಸಿ, ನೂರರಿಂದ ಗುಣಿಸಿ. ನಿಮ್ಮ ನಿಜವಾದ ದರ ಅದೇ.

ಪ್ರಶ್ನೆ: ಆನ್‌ಲೈನಿನಲ್ಲಿ ಮರದ ಆಟಿಕೆ ಮಾರುತ್ತೇನೆ. ಕಾರ್ಡ್ ಹಣ ತಗೊಳ್ಳೋಕೆ ಒಂದು ಪಾವತಿ ಕಂಪನಿಯವರು ಹತ್ತೇ ನಿಮಿಷದಲ್ಲಿ ಖಾತೆ ತೆರೆದುಕೊಟ್ಟಿದ್ದರು. ಹೋದ ತಿಂಗಳು ಒಂದು ಶಾಲೆಯಿಂದ ದೊಡ್ಡ ಆರ್ಡರ್ ಬಂತು, ನನ್ನ ಮಾಮೂಲಿ ವ್ಯಾಪಾರದ ಎಂಟು ಪಟ್ಟು. ಮಾರನೇ ದಿನವೇ ಖಾತೆ ತಡೆಹಿಡಿದರು. ಮರ ತರೋಕೆ ದುಡ್ಡಿಲ್ಲ. ನಾನು ಮಾಡಿದ ತಪ್ಪೇನು?

ಉತ್ತರ: ನೀವು ತಪ್ಪು ಮಾಡಿಲ್ಲ. ಆ ಹತ್ತು ನಿಮಿಷದಲ್ಲೇ ಇದರ ಬೀಜ ಇದೆ. ಇಂಥ ಕಂಪನಿಗಳು ತಮ್ಮ ಒಂದು ದೊಡ್ಡ ಖಾತೆಯ ಅಡಿಯಲ್ಲಿ ಸಾವಿರಾರು ಚಿಕ್ಕ ವ್ಯಾಪಾರಿಗಳನ್ನು ಸೇರಿಸಿಕೊಳ್ಳುತ್ತವೆ. ಮೊದಲೇ ಪೂರ್ತಿ ಪರಿಶೀಲನೆ ಮಾಡುವುದಿಲ್ಲ, ಅದಕ್ಕೇ ಬೇಗ ಆಗುತ್ತದೆ. ಆಮೇಲೆ ವ್ಯಾಪಾರ ಒಮ್ಮೆಲೇ ಏರಿದಾಗ ಪರಿಶೀಲನೆ ಶುರುವಾಗುತ್ತದೆ. ಅವರ ಭಯ ಏನೆಂದರೆ, ನೀವು ಹಣ ತಗೊಂಡು ಸಾಮಾನು ಕಳಿಸದೇ ಹೋದರೆ ಗಿರಾಕಿ ಚಾರ್ಜ್‌ಬ್ಯಾಕ್ ಹಾಕುತ್ತಾನೆ, ಅಂದರೆ ತನ್ನ ಬ್ಯಾಂಕಿಗೆ ತಕರಾರು ಕೊಟ್ಟು ಹಣ ವಾಪಸ್ ಕೇಳುತ್ತಾನೆ, ಆಗ ಆ ನಷ್ಟ ಅವರ ತಲೆಗೆ ಬರುತ್ತದೆ. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಅನೇಕ ಬಗೆಯ ತಕರಾರಿಗೆ 120 ದಿನದವರೆಗೂ ಅವಕಾಶ ಇದೆ. ಅಷ್ಟು ದಿನ ಅವರು ನಿಮ್ಮ ಜಾಮೀನು ನಿಂತ ಹಾಗೆ.

ಇವತ್ತೇ ಶಾಲೆಯ ಆರ್ಡರ್ ಪತ್ರ, ನಿಮ್ಮ ಇನ್‌ವಾಯ್ಸ್, ಮರ ಕೊಡುವವರ ಕೊಟೇಶನ್, ಸಾಮಾನು ತಲುಪಿಸುವ ತಾರೀಖು ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಕಳಿಸಿ. ಹಣ ಪೂರ್ತಿ ಬಿಡಲು ಒಪ್ಪದಿದ್ದರೆ, ಒಂದು ಭಾಗವನ್ನು ಠೇವಣಿಯಂತೆ ಇಟ್ಟುಕೊಂಡು ಉಳಿದದ್ದನ್ನು ಬಿಡಿ ಅಂತ ಕೇಳಿ. ಇದು ಈ ಕ್ಷೇತ್ರದಲ್ಲಿ ಇರುವ ಪದ್ಧತಿಯೇ, ರೋಲಿಂಗ್ ರಿಸರ್ವ್ ಅನ್ನುತ್ತಾರೆ. ಮುಂದಿನ ಸಲ ದೊಡ್ಡ ಆರ್ಡರ್ ಬರುವ ಸುಳಿವು ಸಿಕ್ಕ ದಿನವೇ ಅವರಿಗೆ ತಿಳಿಸಿಬಿಡಿ.

ಹೊಸ ಕಂಪನಿ ಹುಡುಕುವಾಗ ಹಣ ಎಷ್ಟು ದಿನಕ್ಕೆ ಬ್ಯಾಂಕಿಗೆ ಬರುತ್ತದೆ, ಯಾವ ಕಾರಣಕ್ಕೆ ತಡೆಹಿಡಿಯಬಹುದು, ತಡೆದಾಗ ಫೋನಿನಲ್ಲಿ ಮನುಷ್ಯರು ಸಿಗುತ್ತಾರಾ ಅಂತ ನೋಡಿ. ನನ್ನ ಮಟ್ಟಿಗೆ ಈ ಕೊನೆಯದು ಅರ್ಧ ಪರ್ಸೆಂಟ್ ಜಾಸ್ತಿ ಕೊಡೋಕೂ ಯೋಗ್ಯ. ಸೇರಿಕೊಳ್ಳುವ ಮೊದಲು ಒಂದು ಸಲ ಅವರ ಸಹಾಯವಾಣಿಗೆ ನೀವೇ ಕರೆ ಮಾಡಿ, ಎಷ್ಟು ಹೊತ್ತು ಕಾಯಿಸುತ್ತಾರೆ ಅಂತ ನೋಡಿ.

ಗಿರಾಕಿಯ ಸ್ಟೇಟ್‌ಮೆಂಟಿನಲ್ಲಿ ನಿಮ್ಮ ಹೆಸರು ಹೇಗೆ ಕಾಣುತ್ತದೆ ಅಂತಲೂ ವಿಚಾರಿಸಿ. ಅಂಗಡಿಯ ಹೆಸರಿನ ಬದಲು ಯಾವುದೋ ಗೊತ್ತಿಲ್ಲದ ಹೆಸರು ಬಂದರೆ ‘ಇದು ನಾನು ಕೊಂಡದ್ದಲ್ಲ’ ಅಂತ ಒಳ್ಳೆಯ ಗಿರಾಕಿಯೂ ತಕರಾರು ಹಾಕುತ್ತಾರೆ. ತಕರಾರಿನಲ್ಲಿ ನೀವು ಗೆದ್ದರೂ ಅದರ ಶುಲ್ಕ ವಾಪಸ್ ಕೊಡದ ಕಂಪನಿಗಳಿವೆ. ತಕರಾರುಗಳು ಮಿತಿ ಮೀರಿ ಒಂದು ಕಂಪನಿ ನಿಮ್ಮನ್ನು ಕೈಬಿಟ್ಟರೆ, ಮಾಸ್ಟರ್‌ಕಾರ್ಡ್ ನಡೆಸುವ ಮ್ಯಾಚ್ ಪಟ್ಟಿಗೆ, ಅಂದರೆ ಹೀಗೆ ಕೈಬಿಟ್ಟ ವ್ಯಾಪಾರಿಗಳ ಪಟ್ಟಿಗೆ, ಹೆಸರು ಹೋಗಬಹುದು. ಅಲ್ಲಿ ಅದು ಐದು ವರ್ಷ ಇರುತ್ತದೆ, ಬೇರೆ ಕಂಪನಿಗಳು ಸೇರಿಸಿಕೊಳ್ಳಲು ಹಿಂಜರಿಯುತ್ತವೆ.

ಪ್ರಶ್ನೆ: ನಮ್ಮ ಕಾಯಂ ಗಿರಾಕಿಗಳು ಫೋನಿನಲ್ಲಿ ಆರ್ಡರ್ ಹೇಳುತ್ತಾರೆ. ಅವರ ಕಾರ್ಡ್ ನಂಬರ್, ಕಾರ್ಡಿನ ಹಿಂಬದಿಯ ಮೂರು ಅಂಕಿ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕಂಪನಿ ಬದಲಾಯಿಸಿದರೂ ಅದು ಉಪಯೋಗಕ್ಕೆ ಬರುತ್ತದಲ್ವಾ?

ಉತ್ತರ: ದಯವಿಟ್ಟು ಬೇಡ. 2004ರಲ್ಲಿ ಬಂದ ಪಿಸಿಐ ಡಿಎಸ್‌ಎಸ್ ಅನ್ನುವ ಸುರಕ್ಷತಾ ನಿಯಮ ಕಾರ್ಡ್ ತೆಗೆದುಕೊಳ್ಳುವ ಎಲ್ಲ ವ್ಯಾಪಾರಿಗಳಿಗೂ ಅನ್ವಯಿಸುತ್ತದೆ. ಹಣ ಪಾವತಿಗೆ ಒಪ್ಪಿಗೆ ಬಂದ ಮೇಲೆ ಆ ಮೂರು ಅಂಕಿಯನ್ನು ನೀವು ಎಲ್ಲೂ ಇಟ್ಟುಕೊಳ್ಳುವಂತಿಲ್ಲ. ನೋಟ್‌ಬುಕ್ ಯಾರ ಕೈಗಾದರೂ ಸಿಕ್ಕರೆ ನಷ್ಟ ನಿಮ್ಮ ಗಿರಾಕಿಗಳದ್ದು, ಹೊಣೆ ನಿಮ್ಮದು.

ಗಿರಾಕಿಗೆ ಪಾವತಿ ಲಿಂಕ್ ಕಳಿಸುವ ಸೌಲಭ್ಯ, ಕಾರ್ಡನ್ನು ಟೋಕನ್ ಆಗಿ ಉಳಿಸುವ ಸೌಲಭ್ಯ ಎರಡೂ ಇರುವ ಕಂಪನಿ ಆರಿಸಿ. ಟೋಕನ್ ಅಂದರೆ ನಿಜವಾದ ನಂಬರಿನ ಬದಲು ಇಡುವ ಗುರುತು, ಕದ್ದರೂ ಕಳ್ಳನಿಗೆ ಅದು ಪ್ರಯೋಜನಕ್ಕೆ ಬರುವುದಿಲ್ಲ. ಮುಂದೆ ಕಂಪನಿ ಬದಲಾಯಿಸಿದರೆ ಈ ಉಳಿಸಿದ ಕಾರ್ಡುಗಳನ್ನು ಹೊಸಬರಿಗೆ ವರ್ಗಾಯಿಸಿಕೊಡುತ್ತೀರಾ ಅಂತ ಈಗಲೇ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ಕೆಲವರು ಕೊಡುವುದಿಲ್ಲ. ಆಗ ಒಬ್ಬೊಬ್ಬ ಗಿರಾಕಿಯನ್ನೂ ಮತ್ತೆ ಕೇಳಬೇಕಾಗುತ್ತದೆ.

ಆ ನೋಟ್‌ಬುಕ್ಕಿನ ಹಾಳೆಗಳನ್ನು ಇವತ್ತೇ ಸಣ್ಣಗೆ ಹರಿದುಹಾಕಿ. ಸುಮ್ನೆ ಗೀಚಿ ಅಳಿಸಿದರೆ ಸಾಲದು.